ತಂಗುವವರ ಸಂಖ್ಯೆ

ಜನವರಿ ೯

ಸಾಸಿವೆ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಟ್ಟರೆ ಆಮೇಲೆ ನೆಮ್ಮದಿಯಾಗಿ ಬೇರೆ ವಿಷಯಕ್ಕೆ ಹೋಗಬಹುದು.

ನಿನ್ನೆ ಫೋನಿನಲ್ಲಿ ನಿಮ್ಮಪ್ಪ, "ರಜೆಗೆ ಇಬ್ಬರನ್ನೂ ನಿನ್ನ ಹತ್ರ ಕಳಿಸ್ತೀನಿ, ಉಳಿದದ್ದು ನೀವು ನೀವೇ ಮಾತಾಡ್ಕೊಳ್ಳಿ" ಎಂದರು. ಆಮೇಲೆ ನೀನು ಬಂದೆ. "ಊಟ ಆಯ್ತಾ?" ಎಂದು ನಾನು ಕೇಳಿದೆ. "ಆಯ್ತು, ನಿಂದು?" ಎಂದು ನೀನು ಕೇಳಿದೆ. ಅಲ್ಲಿಗೆ ನಮ್ಮಿಬ್ಬರ ಸರಕು ಖಾಲಿ. ಎಂಟು ವರ್ಷದಿಂದ ನಾವು ಫೋನಿನಲ್ಲಿ ಊಟದ ಆಚೆಗೆ ಹೋಗಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನನ್ನ ಕೆಲಸ ನಿನಗೆ ಅರ್ಧ ಗೊತ್ತು. ನಾನು ಬಂದು ಸೇರಿದ ಈ ದೇಶದ ಒಳಭಾಗದಲ್ಲಿ ಹತ್ತೊಂಬತ್ತು ಹವಾಮಾನ ಠಾಣೆಗಳಿವೆ. ಠಾಣೆ ಎಂದರೆ ದೊಡ್ಡದೇನೂ ಅಲ್ಲ. ಒಂದು ಬೇಲಿ, ಒಳಗೆ ಮಳೆ ಅಳೆಯುವ ಡಬ್ಬಿ, ಬಿಳಿ ಪೆಟ್ಟಿಗೆಯಲ್ಲಿ ಉಷ್ಣಮಾಪಕ, ಕಂಬದ ತುದಿಗೆ ಗಾಳಿಯ ಬಾಣ. ಅವು ಸುಳ್ಳು ಹೇಳುತ್ತಿಲ್ಲವೇ ಎಂದು ಒಂದೊಂದನ್ನೇ ನೋಡಿಕೊಂಡು ಬರುವುದು ನನ್ನ ಕೆಲಸ. ದೇಶ ಎಷ್ಟು ದೊಡ್ಡದೆಂದರೆ ಒಂದು ತುದಿಯವರು ಹಲ್ಲುಜ್ಜುವಾಗ ಇನ್ನೊಂದು ತುದಿಯವರು ಮಧ್ಯಾಹ್ನದ ಊಟಕ್ಕೆ ತಟ್ಟೆ ಇಟ್ಟಿರುತ್ತಾರೆ. ಒಂದು ಸುತ್ತಿನಲ್ಲಿ ಐದು ಸಲ ಗಡಿಯಾರ ತಿದ್ದುತ್ತೇನೆ.

ನನ್ನ ಯೋಜನೆ ಇದು. ಜೂನ್ ಐದಕ್ಕೆ ಹೊರಟು ನನ್ನ ವ್ಯಾನಿನಲ್ಲಿ ಪೂರ್ತಿ ಒಂದು ಸುತ್ತು, ಮೂವತ್ತೆಂಟು ದಿನ. ಒಂದೊಂದು ಜಾಗದಲ್ಲಿ ಎರಡು ದಿನ. ನಕ್ಷೆ ಇಟ್ಟಿದ್ದೇನೆ, ಕೆಂಪು ಚುಕ್ಕಿಗಳೆಲ್ಲ ನಾವು ತಂಗುವ ಕಡೆ. ಏನೇನು ಇಷ್ಟ, ಏನೇನು ಆಗುವುದಿಲ್ಲ ಎಂದು ಬರಿ. ಗುಂಡ ಈಗಲೂ ಬಾಳೆಹಣ್ಣಿನ ಸಿಪ್ಪೆ ಕಂಡರೆ ಕಿರುಚುತ್ತಾನಾ?

ಅಮ್ಮ


ಜನವರಿ ೩೦

ಅಮ್ಮ,

ನಾನೂ ಚೆನ್ನಾಗಿದ್ದೇನೆ. ಆಯಿತಲ್ಲ, ಇನ್ನು ವಿಷಯಕ್ಕೆ ಬರುತ್ತೇನೆ.

ಮೊದಲು ಕೆಲವು ತಿದ್ದುಪಡಿ. ಗುಂಡ ಈಗ ಗುಂಡನಲ್ಲ. ಅಪ್ಪನಿಗಿಂತ ನಾಲ್ಕು ಬೆರಳು ಉದ್ದವಾಗಿದ್ದಾನೆ, ಜೋರಾಗಿ ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು. ಹದಿನಾಲ್ಕು ವರ್ಷದವನು ಸಿಪ್ಪೆಗೆಲ್ಲ ಕಿರುಚುವುದಿಲ್ಲ. ಹೋದ ವರ್ಷ ನೀನು ನನಗೆ ಕಳಿಸಿದ ಅಂಗಿಯ ತೋಳು ಮೊಣಕೈಗೇ ಮುಗಿದುಹೋಗುತ್ತದೆ. ನನಗೆ ಹದಿನೇಳು. ಸಾಸಿವೆ ಎಂದು ಈಗ ಯಾರೂ ಕರೆಯುವುದಿಲ್ಲ, ನೀನು ಬೇಕಾದರೆ ಕರಿ.

ಈ ರಜೆ ಮುಗಿದರೆ ನಾನು ಕಾಲೇಜಿಗೆ ಬೇರೆ ಊರಿಗೆ ಹೋಗುತ್ತೇನೆ, ಹಾಸ್ಟೆಲು. ಗೆಳತಿಯರೆಲ್ಲ ಸೇರಿ ಸಮುದ್ರದ ಕಡೆ ಹೋಗಬೇಕೆಂದು ಎರಡು ವರ್ಷದಿಂದ ಮಾತಾಡಿಕೊಂಡಿದ್ದೆವು. ನಾನು ಬರುವುದಿಲ್ಲ ಎಂದು ಹೇಳಿದ್ದೇನೆ. ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋದರು.

ನಕ್ಷೆ ನೋಡಿದೆ. ಹತ್ತೊಂಬತ್ತು ಚುಕ್ಕಿ ಇದೆ, ಪ್ರತಿ ಚುಕ್ಕಿಯ ಪಕ್ಕ ಮಳೆ ಎಷ್ಟು, ಸೆಕೆ ಎಷ್ಟು ಎಂದು ಬರೆದಿದ್ದೀಯ. ಅಲ್ಲಿ ಯಾರಿರುತ್ತಾರೆ ಎಂದು ಬರೆದೇ ಇಲ್ಲ. ಅಲ್ಲಿ ಯಾರಿರುತ್ತಾರಮ್ಮ?

ಗುಂಡನ ಪ್ರಶ್ನೆಗಳು: ಸಿಗ್ನಲ್ ಸಿಗುತ್ತಾ, ವ್ಯಾನ್ ಓಡಿಸಲು ಕೊಡುತ್ತೀಯಾ, ಇಬ್ಬರಿಗೂ ಕಿಟಕಿ ಇದೆಯಾ. ನನ್ನದು ಒಂದೇ. ಮೂವತ್ತೆಂಟು ದಿನ ನಾವು ಮಾತಾಡುತ್ತೇವಾ?

ಸಾಸಿವೆ


ಫೆಬ್ರವರಿ ೧೭

ಸಾಸಿವೆ,

ಅಂಗಿಯ ವಿಷಯ ಓದಿ ನಾಚಿಕೆಯಾಯಿತು. ನಿನ್ನ ತೋಳಿನ ಅಳತೆ ಕಳಿಸು, ಭುಜದಿಂದ ಮಣಿಕಟ್ಟಿನವರೆಗೆ. ಅಳೆಯುವುದನ್ನೇ ಕೆಲಸ ಮಾಡಿಕೊಂಡವಳು ನಾನು, ಇದೊಂದನ್ನು ಅಂದಾಜಿನಲ್ಲಿ ಮಾಡಿದೆ.

ಗುಂಡನಿಗೆ ಉತ್ತರ: ಸಿಗ್ನಲ್ ಇಲ್ಲ. ಓಡಿಸಲು ಕೊಡುವುದಿಲ್ಲ, ಆದರೆ ಎಂಟನೇ ಠಾಣೆಯ ಹತ್ತಿರ ಒಣಗಿದ ಕೆರೆಯೊಂದಿದೆ, ಬೆಟ್ಟವಿಲ್ಲ, ಮರವಿಲ್ಲ, ಡಿಕ್ಕಿ ಹೊಡೆಯಲು ಏನೂ ಇಲ್ಲ. ಅಲ್ಲಿ ನೋಡೋಣ. ಕಿಟಕಿ ಇಬ್ಬರಿಗೂ ಇದೆ.

ಯಾರಿರುತ್ತಾರೆ ಎಂದು ಕೇಳಿದ್ದೀಯ. ಎರಡು ದಿನ ಯೋಚಿಸಿದೆ. ನಾಲ್ಕನೇ ಠಾಣೆಯ ಮುಂದೆ ಗುರುವಾರ ನೀರಿನ ಲಾರಿ ಹೋಗುತ್ತದೆ. ಲಾರಿಯವನು ಕೈ ಎತ್ತುತ್ತಾನೆ, ನಾನೂ ಎತ್ತುತ್ತೇನೆ. ಆರನೆಯದರ ಹತ್ತಿರ ಪೆಟ್ರೋಲ್ ಬಂಕಿನ ಹೆಂಗಸು "ಒಬ್ಬರೇನಾ?" ಎಂದು ಪ್ರತಿ ಸಲ ಕೇಳುತ್ತಾಳೆ, ಹೌದು ಎನ್ನುತ್ತೇನೆ. ಎಂಟು ವರ್ಷವಾಯಿತು, ಅವಳ ಕುತೂಹಲ ತೀರಿಲ್ಲ. ಹದಿಮೂರರಲ್ಲಿ ಒಂದು ನಾಯಿ ಇತ್ತು. ಹದಿನೇಳರ ತಂಗುಕೋಣೆಯಲ್ಲಿ ಯಾರೋ ಹಾಸಿಗೆಯ ಪಕ್ಕದ ಗೋಡೆಗೆ ಚದುರಂಗದ ಮನೆ ಬರೆದು ಒಂದು ನಡೆ ನಡೆಸಿ ಹೋಗಿದ್ದರು. ನಾನು ಒಂದು ನಡೆಸಿದೆ. ಮುಂದಿನ ಸುತ್ತಿಗೆ ಅವರದ್ದೂ ಒಂದು ನಡೆ ಆಗಿತ್ತು. ಮೂರು ವರ್ಷ ಆಡಿದೆವು. ಆಮೇಲೆ ಗೋಡೆಗೆ ಸುಣ್ಣ ಹೊಡೆದರು. ಇಷ್ಟೇ ಜನ.

ಆ ದಾರಿಯಲ್ಲಿ ಹೋಟೆಲು, ವಸತಿಗೃಹ ಏನೂ ಇಲ್ಲ. ಇಲಾಖೆಯ ತಂಗುಕೋಣೆಗಳೇ ಗತಿ. ಅವಕ್ಕೆ ನಾಲ್ಕು ತಿಂಗಳು ಮೊದಲು ಅರ್ಜಿ ಹಾಕಬೇಕು. ಹತ್ತೊಂಬತ್ತು ಕೋಣೆಗೆ ಹತ್ತೊಂಬತ್ತು ಅರ್ಜಿ, ತಿಂಗಳ ಮೊದಲ ದಿನವೇ ಒಂದೇ ಸಲ ಕೂತು ತುಂಬಿ ಕೊಟ್ಟುಬಂದೆ. ಕಾಟು ಬೀಳಬಾರದು ಎಂದು ಹೊಸ ಪೆನ್ನು ತಂದಿದ್ದೆ.

ಮಾತಾಡುತ್ತೇವೆ. ಮಾತು ಬಾರದಿದ್ದರೆ ನಾನು ವ್ಯಾನ್ ಓಡಿಸುತ್ತಿರುತ್ತೇನೆ, ನೀನು ಪಕ್ಕದಲ್ಲಿ ಕೂತಿರು. ನನಗೆ ಅಷ್ಟಾದರೂ ಸಾಕು.

ಅಮ್ಮ


ಮಾರ್ಚ್ ೩

ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತೇನೆ.

ನೀನು ಕಳಿಸಿದ ನಕ್ಷೆಯನ್ನು ನಿನ್ನ ಮಗಳು ನನ್ನ ಕನ್ನಡಕದ ಅಂಗಡಿಯಲ್ಲಿ, ಅಕ್ಷರ ಓದಿಸುವ ಹಲಗೆಯ ಪಕ್ಕದಲ್ಲೇ ಅಂಟಿಸಿದ್ದಾಳೆ. ಬಂದ ಗಿರಾಕಿ ಅಕ್ಷರ ಬಿಟ್ಟು ಚುಕ್ಕಿ ಎಣಿಸುತ್ತಾರೆ. ನಿನ್ನೆ ಒಬ್ಬ ಅಜ್ಜಿ, "ಕೆಳಗಡೆ ಸಾಲು ಕಾಣಲ್ಲ, ಆದ್ರೆ ಹದಿನಾಲ್ಕನೇ ಚುಕ್ಕಿ ಚೆನ್ನಾಗ್ ಕಾಣ್ತದೆ" ಎಂದರು. ಯಾವ ನಂಬರಿನ ಗಾಜು ಕೊಡಲಿ ಹೇಳು.

ನೀನು ಕರೆದರೂ ನಾನು ಬರುವುದಿಲ್ಲ. ಅಂಗಡಿ ನೋಡಿಕೊಳ್ಳುವವರಿಲ್ಲ ಎಂದು ಮಕ್ಕಳಿಗೆ ಹೇಳಿದ್ದೇನೆ. ನಿನಗೆ ಆ ನೆಪ ಬೇಕಾಗಿಲ್ಲ.

ಒಂದು ಮಾತು ಹೇಳಬೇಕು. ಮೂರು ವರ್ಷದ ಹಿಂದೆ ನೀನು ಬರುತ್ತೇನೆಂದು ಹೇಳಿ, ಬರುವ ಎರಡು ದಿನ ಮುಂಚೆ ಯಾವುದೋ ಠಾಣೆಯ ಕಂಬ ಬಿತ್ತೆಂದು ಕೈಕೊಟ್ಟೆ. ಅವಳು ಆವತ್ತು ನಿನಗೆಂದು ಹಾಸಿದ್ದ ಹಾಸಿಗೆ ಮಡಿಸಿಟ್ಟಳು. ಈಗ ದಿನಾ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಅಂಚೆ ಡಬ್ಬಿಗೆ ಕೈ ಹಾಕುತ್ತಾಳೆ. ನಿನಗೆ ಇದನ್ನು ಅವಳಾಗಿ ಹೇಳುವವಳಲ್ಲ. ಮನೆಯ ಮಗಳಾಗಿ ಅವಳು ಇರುವುದು ಇದೊಂದು ರಜೆ. ಆಮೇಲೆ ನಿನಗೂ ನನಗೂ ಅವಳು ನೆಂಟಳು. ಈ ಸಲ ತಪ್ಪಿಸಬೇಡ.

ಅವರಪ್ಪ


ಮಾರ್ಚ್ ೧೨

ಅಮ್ಮ,

ಅಕ್ಕ ಬರಿ ಬರಿ ಎಂದು ತಲೆ ತಿನ್ನುತ್ತಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಮೂವತ್ತೆಂಟು ದಿನಕ್ಕೆ ಎಷ್ಟು ಜೊತೆ ಕಾಲುಚೀಲ ತರಲಿ? ನಾನು ನಾಲ್ಕು ಅಂದೆ, ಅಕ್ಕ ಛೀ ಅಂದಳು. ಒಣಗಿದ ಕೆರೆ ಎಷ್ಟು ಉದ್ದ ಇದೆ? ಗೇರು ಹಾಕುವುದನ್ನು ಅಪ್ಪನ ಅಂಗಡಿಯ ಕುರ್ಚಿಯಲ್ಲಿ ಕೂತು ಕಲಿಯುತ್ತಿದ್ದೇನೆ.

ಒಂದು ಗುಟ್ಟು. ನಾನು ಹೇಳಿದೆ ಎಂದು ಹೇಳಬೇಡ, ಕಿವಿ ಹಿಂಡುತ್ತಾಳೆ. ಅಕ್ಕ ಒಂದು ಪುಸ್ತಕದಲ್ಲಿ ನಿನ್ನ ಹತ್ತಿರ ಮಾತಾಡಲು ದಿನಕ್ಕೆ ಒಂದು ವಿಷಯ ಬರೆದಿಟ್ಟುಕೊಂಡಿದ್ದಾಳೆ. ಮೊದಲ ದಿನ "ವ್ಯಾನ್ ಬಗ್ಗೆ ಕೇಳಬೇಕು" ಎಂದಿದೆ. ಹನ್ನೊಂದನೇ ದಿನ "ನನ್ನ ಕೂದಲು ಕತ್ತರಿಸಿದ್ದು". ಇಪ್ಪತ್ತೆರಡನೇ ದಿನ "ಯಾಕೆ ವಾಪಸು ಬರಲಿಲ್ಲ". ಅಲ್ಲಿಂದ ಮುಂದೆ ಖಾಲಿ ಇದೆ.

ಇಂತಿ ಬಡಕಲ ಗುಂಡ


ಏಪ್ರಿಲ್ ೧

ನಿಮಗೆ,

ಇದನ್ನು ಮಕ್ಕಳಿಗೆ ತೋರಿಸಬೇಡಿ.

ಮೊನ್ನೆ ತಂಗುಕೋಣೆಗಳ ಮಂಜೂರಾತಿ ಬಂತು. ಹತ್ತೊಂಬತ್ತು ಕಾಗದ. ಖುಷಿಯಿಂದ ಬಿಡಿಸಿ ನೋಡಿದರೆ ಎಲ್ಲದರಲ್ಲೂ ಒಬ್ಬರು, ಒಂದು ಹಾಸಿಗೆ. ಕೂಡಲೇ ಕಚೇರಿಗೆ ಹೋಗಿ ಗುಮಾಸ್ತೆಯ ಮೇಲೆ ಹಾರಾಡಿದೆ. ಮೂವರ ಬದಲು ಒಬ್ಬರೆಂದು ಬರೆದಿದ್ದೀರಿ, ನಿಮಗೆ ಕಣ್ಣು ಕಾಣುವುದಿಲ್ಲವಾ ಎಂದು ಎಲ್ಲರ ಎದುರಿಗೇ ಅಂದೆ. ಅವಳು ಪಾಪ, ಒಳಗೆ ಹೋಗಿ ನನ್ನ ಅರ್ಜಿಗಳ ಕಟ್ಟು ತಂದು ಮುಂದಿಟ್ಟಳು.

"ತಂಗುವವರ ಸಂಖ್ಯೆ" ಎಂದು ಒಂದು ಕಾಲಮ್ಮು ಇದೆ. ಅದರಲ್ಲಿ ನನ್ನದೇ ಕೈಬರಹ, ಹೊಸ ಪೆನ್ನಿನ ನೀಲಿ ಶಾಯಿ: ಒಂದು. ಹತ್ತೊಂಬತ್ತು ಕಡೆಯೂ ಒಂದು. ದುಂಡಗೆ, ಕಾಟು ಹಾಕದೆ ಬರೆದಿದ್ದೇನೆ.

ಎಂಟು ವರ್ಷದಿಂದ ಪ್ರತಿ ಸುತ್ತಿಗೂ ಈ ಅರ್ಜಿ ತುಂಬುತ್ತಿದ್ದೇನೆ. ದಿನಾಂಕ ಬದಲಾಗುತ್ತದೆ, ಉಳಿದದ್ದು ಕೈ ತಾನಾಗಿ ಬರೆದುಕೊಂಡು ಹೋಗುತ್ತದೆ. ಆವತ್ತು ಮಕ್ಕಳದೇ ಯೋಚನೆಯಲ್ಲಿ ಕೂತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಗುಂಡನಿಗೆ ಯಾವ ಕಿಟಕಿ, ಅವಳಿಗೆ ಯಾವುದು ಎಂದುಕೊಳ್ಳುತ್ತಲೇ ಒಂದು, ಒಂದು, ಒಂದು ಎಂದು ಬರೆದಿದ್ದೇನೆ.

ಈಗ ಸರಿಪಡಿಸಲು ಆಗುವುದಿಲ್ಲ. ಜೂನ್, ಜುಲೈ ಎರಡೂ ತಿಂಗಳು ಉಳಿದ ಹಾಸಿಗೆಗಳನ್ನು ರಸ್ತೆ ರಿಪೇರಿಯವರಿಗೆ ಕೊಟ್ಟಾಗಿದೆ, ಬರೆದ ಸಂಖ್ಯೆಗಿಂತ ಒಬ್ಬರನ್ನೂ ಹೆಚ್ಚಿಗೆ ಒಳಗೆ ಬಿಡುವುದಿಲ್ಲ. ಡೇರೆ ಹಾಕೋಣ, ವ್ಯಾನಿನಲ್ಲೇ ಮಲಗೋಣವೆಂದರೆ ಆಗ ಧೂಳುಗಾಳಿ. ಎಷ್ಟು ಜೋರು ಎಂದು ಅಳೆಯುವವಳೇ ನಾನು, ಮಕ್ಕಳನ್ನು ಅದರಲ್ಲಿ ಮಲಗಿಸಲಾರೆ. ಕೈ ಮುಗಿದು ಕೇಳಿದೆ, ಮೇಲಿನವರ ಹತ್ತಿರವೂ ಹೋದೆ. ಆಗಲಿಲ್ಲ.

ನೀವೇ ಅವಳಿಗೆ ಹೇಳಿ. ಇಲಾಖೆಯ ನಿಯಮ ಬದಲಾಯಿತು, ಹೊರಗಿನವರನ್ನು ಬಿಡುವುದಿಲ್ಲವಂತೆ ಎಂದುಬಿಡಿ. ನಾನು ಬರೆಯಲು ಕೂತರೆ ಕೈ ಏಳುವುದಿಲ್ಲ.

ನಾನು


ಏಪ್ರಿಲ್ ೧೬

ಕಾಗದ ತಲುಪಿತು.

ಅಂಗಡಿಯಲ್ಲಿ ನಾನು ಅಳತೆ ತಪ್ಪಿ ಕನ್ನಡಕ ಕೊಟ್ಟರೆ ನಾನೇ ಹೋಗಿ ತಪ್ಪಾಯಿತು ಎನ್ನುತ್ತೇನೆ. ಗಾಜು ಮಾಡಿದವನ ಮೇಲೆ ಹಾಕುವುದಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ನೀನೇ ಬರಿ. ಬೇಗ ಬರಿ, ಅವಳು ಹೊಸ ಚೀಲ ತಂದಿದ್ದಾಳೆ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಆ ಕಾಲಮ್ಮಿನ ವಿಷಯ ಓದಿ ಬಹಳ ಹೊತ್ತು ಅಂಗಡಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ಅವರಪ್ಪ


ಏಪ್ರಿಲ್ ೨೯

ಸಾಸಿವೆ,

ನಮ್ಮ ಪ್ರವಾಸ ನಡೆಯುವುದಿಲ್ಲ. ತಪ್ಪು ನನ್ನದು, ಬೇರೆ ಯಾರದೂ ಅಲ್ಲ.

ತಂಗುಕೋಣೆಯ ಅರ್ಜಿಯಲ್ಲಿ ಎಷ್ಟು ಜನ ಎಂದು ಕೇಳಿದ ಕಡೆ ಮೂರು ಎಂದು ಬರೆಯಬೇಕಿತ್ತು, ಒಂದು ಎಂದು ಬರೆದೆ. ಹತ್ತೊಂಬತ್ತರಲ್ಲೂ ಹಾಗೇ ಬರೆದೆ. ಈಗ ಬೇರೆ ಕೋಣೆಗಳು ಖಾಲಿ ಇಲ್ಲ. ಇದನ್ನು ಹೇಗೆ ಬರೆದರೂ ನಂಬುವ ಹಾಗಿರುವುದಿಲ್ಲ ಎಂದು ಗೊತ್ತು, ಅದಕ್ಕೇ ನಡೆದ ಹಾಗೆ ಬರೆಯುತ್ತಿದ್ದೇನೆ. ನೀವು ಬೇಡವೆಂದಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಇಲ್ಲಿ ನನ್ನ ಕೋಣೆಯಿದೆ. ಆದರೆ ಅದು ಒಂದು ಕೋಣೆ, ಕಿಟಕಿ ತೆರೆದರೆ ಗೋದಾಮಿನ ಗೋಡೆ. ನೋಡುವಂಥದ್ದು ಏನೂ ಇಲ್ಲ. ಅಷ್ಟು ದೂರದಿಂದ ಬಂದು ನೀವು ಇದನ್ನು ನೋಡಬೇಕೆಂದು ನನಗಿಲ್ಲ. ಮುಂದಿನ ವರ್ಷ ಖಂಡಿತ ಹೋಗೋಣ. ಅರ್ಜಿಯನ್ನು ಬೇರೆಯವರ ಕೈಯಲ್ಲಿ ತುಂಬಿಸುತ್ತೇನೆ.

ಬೈದು ಬರಿ. ಬರೆಯದೆ ಇರಬೇಡ.

ಅಮ್ಮ


ಮೇ ೧೩

ಅಮ್ಮ,

ಬೈಯುವುದಿಲ್ಲ. ಮೊದಲ ದಿನ ಬೈದುಕೊಂಡೆ, ಆಗಲೇ ಮುಗಿಯಿತು.

ಒಂದು ಸಲ ತಪ್ಪಾಗಿ ಬರೆದರೆ ನನಗೆ ಅರ್ಥವಾಗುತ್ತಿತ್ತು. ಹತ್ತೊಂಬತ್ತು ಸಲದಲ್ಲಿ ಒಂದು ಸಲವಾದರೂ ನಾವು ನೆನಪಾಗಬೇಕಿತ್ತು. ಸುಳ್ಳು ಹೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದೂ ಅನಿಸಿತು.

ನಿನ್ನ ಕೋಣೆ ನೋಡುವಂಥದ್ದಲ್ಲ ಎಂದು ಬರೆದಿದ್ದೀಯ. ನನಗೆ ನಿನ್ನ ಹತ್ತೊಂಬತ್ತು ಜಾಗ ಯಾವುದೂ ಬೇಕಾಗಿರಲಿಲ್ಲ. ನೀನು ಎಲ್ಲಿ ತರಕಾರಿ ತರುತ್ತೀಯ, ಬಟ್ಟೆ ಎಲ್ಲಿ ಒಣಹಾಕುತ್ತೀಯ, ಅಷ್ಟು ನೋಡಿದ್ದರೆ ಸಾಕಿತ್ತು. "ಆ ಕೋಣೆಗೇ ಬನ್ನಿ" ಎಂದು ನೀನು ಬರೆದಿರುತ್ತೀಯ ಎಂದು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ. ಮುಂದಿನ ವರ್ಷ ಎಂದಿತ್ತು. ಮುಂದಿನ ವರ್ಷ ನನಗೆ ಈ ರಜೆ ಇರುವುದಿಲ್ಲ.

ಸಮುದ್ರಕ್ಕೆ ಹೋಗುವವರ ಜೊತೆ ನಾನೂ ಬರುತ್ತೇನೆ ಎಂದಿದ್ದೇನೆ. ನಕ್ಷೆ ತೆಗೆದೆ. ಗುಂಡ ಮಾತ್ರ ಬಂದೇ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅಪ್ಪ ಕಳಿಸುತ್ತಾರೆ. ಅವನಿಗೆ ನೆಲದ ಮೇಲೆ ಮಲಗಿದರೂ ನಡೆಯುತ್ತದೆ. ದಯವಿಟ್ಟು ಅವನನ್ನು ಬೇಡ ಎನ್ನಬೇಡ.

ಸಾಸಿವೆ


ಜುಲೈ ೨೦

ಸಾಸಿವೆ,

ಗುಂಡ ಕ್ಷೇಮವಾಗಿ ತಲುಪಿದ್ದಾನೆಂದು ನಿಮ್ಮಪ್ಪ ತಿಳಿಸಿದರು. ಮೂರು ವಾರ ಇದ್ದ. ನಾನು ಸುತ್ತು ಮುಂದೂಡಿ, ಹತ್ತಿರದ ಠಾಣೆಗಳಿಗಷ್ಟೇ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು ಬರುವ ಹಾಗೆ ಮಾಡಿಕೊಂಡೆ. ಮಳೆ ಡಬ್ಬಿಯಲ್ಲಿ ಒಂದು ಸತ್ತ ಜೀರುಂಡೆ ಸಿಕ್ಕಿದ್ದಕ್ಕೆ ಅರ್ಧ ದಿನ ನಕ್ಕ. ಪೆಟ್ರೋಲ್ ಬಂಕಿನವಳಿಗೆ ಅವನನ್ನು ತೋರಿಸೋಣವೆಂದು ಅಷ್ಟು ದೂರ ಹೋದರೆ ಅವಳು ಕೆಲಸ ಬಿಟ್ಟುಹೋಗಿದ್ದಳು. ಅಲ್ಲಿದ್ದ ಹೊಸಬ ನಮ್ಮನ್ನು ತಲೆಯೆತ್ತಿಯೂ ನೋಡಲಿಲ್ಲ.

ಮನೆಯ ಸುದ್ದಿಯೆಲ್ಲ ಗುಂಡ ಹೇಳಿದ. ಒಂದು ದಿನ ಬಟ್ಟೆ ಹಿಂಡುತ್ತಾ, "ಅಕ್ಕ ನಲ್ಲಿ ಬಿಟ್ಕೊಂಡು ಅತ್ಲು, ನೀರೆಲ್ಲ ದಂಡ ಆಯ್ತು" ಎಂದ. ನಾನು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದೆ.

ಯಾಕೆ ವಾಪಸು ಬರಲಿಲ್ಲ ಎಂದು ನೀನು ಎಂದಾದರೂ ಕೇಳುತ್ತೀಯ. ಈಗಲೇ ಬರೆಯುತ್ತೇನೆ. ಎರಡು ವರ್ಷಕ್ಕೆಂದು ಬಂದೆ. ನಿಮ್ಮಪ್ಪನೂ ನಾನೂ ಜಗಳವಾಡಿದವರಲ್ಲ. ಅವರು ಬಾ ಎನ್ನಲಿಲ್ಲ, ನಾನು ಬರಲೇ ಎಂದು ಕೇಳಲಿಲ್ಲ. ಇಬ್ಬರಿಗೂ ಬಿಗುಮಾನ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎನ್ನುತ್ತಾ ಹೋದೆ. ಆಮೇಲೆ ನಿಮ್ಮೆದುರು ಬರಲು ಹೆದರಿಕೆಯಾಗತೊಡಗಿತು. ಮೂರು ವರ್ಷದ ಹಿಂದೆ ಕಂಬ ಬಿದ್ದದ್ದು ನಿಜ. ಅದನ್ನು ಬೇರೆಯವರು ಎತ್ತಿ ನಿಲ್ಲಿಸಬಹುದಿತ್ತು ಎಂಬುದೂ ನಿಜ.

ಕೋಣೆಗೇ ಬನ್ನಿ ಎಂದು ಯಾಕೆ ಬರೆಯಲಿಲ್ಲವೆಂದರೆ, ನೀನು ಒಳಗೆ ಬಂದು ಒಂದು ಸಲ ಸುತ್ತ ನೋಡಿದರೆ ನಾನು ಹೇಗಿದ್ದೇನೆಂದು ನಿನಗೆ ಗೊತ್ತಾಗಿಬಿಡುತ್ತಿತ್ತು. ದೂರದ ಬಯಲು, ದೊಡ್ಡ ಆಕಾಶ ತೋರಿಸಿ ಅದನ್ನು ಮರೆಸೋಣವೆಂದಿದ್ದೆ.

ಗುಂಡ ಹೋದ ಮೇಲೆ ಈ ಕೋಣೆ ಇಷ್ಟು ಸದ್ದಿಲ್ಲದ್ದೆಂದು ಗೊತ್ತಾಯಿತು. ಎಂಟು ವರ್ಷ ಇದರಲ್ಲೇ ಇದ್ದೆ, ಆಗ ಗೊತ್ತಾಗಿರಲಿಲ್ಲ. ನನಗೆ ನೀನೂ ಬೇಕಿತ್ತು, ಮಗಳೇ. ತುಂಬ ಬೇಕಿತ್ತು.

ನೀನು ಹಾಸ್ಟೆಲಿಗೆ ಹೊರಡುವ ಗಡಿಬಿಡಿಯಲ್ಲಿರುತ್ತೀಯ. ಇದಕ್ಕೆ ಉತ್ತರ ಬರೆಯಲೇಬೇಕು ಎಂದಿಲ್ಲ.

ಅಮ್ಮ


ಸೆಪ್ಟೆಂಬರ್ ೮

ಅಮ್ಮ,

ನಾನು ಚೆನ್ನಾಗಿಲ್ಲ. ಇದನ್ನೂ ಮೊದಲೇ ಬರೆದುಬಿಡುತ್ತೇನೆ.

ಹಾಸ್ಟೆಲಿಗೆ ಬಂದು ಐದು ವಾರವಾಯಿತು. ಕೋಣೆಯಲ್ಲಿ ನಾವು ಮೂವರು. ಉಳಿದ ಇಬ್ಬರ ಮನೆ ಹತ್ತಿರ. ಶುಕ್ರವಾರ ಸಂಜೆ ಐದು ಗಂಟೆಗೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿಬಿಡುತ್ತಾರೆ, ಸೋಮವಾರ ಬೆಳಿಗ್ಗೆ ಬರುತ್ತಾರೆ. ನಮ್ಮ ಮನೆಗೆ ಇಲ್ಲಿಂದ ರೈಲಿನಲ್ಲಿ ಒಂದೂವರೆ ದಿನ. ಹೋಗಿ ಬರುವಷ್ಟರಲ್ಲಿ ಸೋಮವಾರವಾಗಿರುತ್ತದೆ.

ಅಪ್ಪನ ಹತ್ತಿರ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತೇನೆ. ಇಲ್ಲವೆಂದರೆ ಅಂಗಡಿ ಬಾಗಿಲು ಹಾಕಿ ಬಂದುಬಿಡುತ್ತಾರೆ. ಸಮುದ್ರಕ್ಕೆ ಹೋದ ಗೆಳತಿಯರು ಬೇರೆ ಬೇರೆ ಊರಲ್ಲಿದ್ದಾರೆ, ಅವರೂ ಚೆನ್ನಾಗಿದ್ದೇವೆ ಎಂದೇ ಬರೆಯುತ್ತಾರೆ. ವಾರ್ಡನ್ನು "ಊಟ ಆಯ್ತಾ?" ಎಂದು ಕೇಳುತ್ತಾರೆ. ಆಯ್ತು ಎನ್ನುತ್ತೇನೆ.

ಹೋದ ಶುಕ್ರವಾರ ಮೂರು ಮಂಚಗಳಲ್ಲಿ ಎರಡನ್ನು ಗೋಡೆಗೆ ಒರಗಿಸಿ ಕೋಣೆ ಗುಡಿಸಿದೆ. ಪುಸ್ತಕ ತೆಗೆದೆ, ಮುಚ್ಚಿದೆ. ಕೆಳಗೆ ಹೋಗಿ ಗೇಟಿನ ತನಕ ನಡೆದು ವಾಪಸು ಬಂದೆ. ಎಷ್ಟೋ ಹೊತ್ತಾಯಿತೆಂದು ಗಡಿಯಾರ ನೋಡಿದರೆ ಐದೂ ಮುಕ್ಕಾಲು. ಆಗ ನಿನ್ನ ನೆನಪಾಯಿತು. ಕೋಪದಿಂದಲ್ಲ. ಇದನ್ನು ಕೇಳಿದರೆ ಹೇಳಲು ಗೊತ್ತಿರುವುದು ನಿನ್ನೊಬ್ಬಳಿಗೇ ಅನಿಸಿತು.

ಸಂಜೆ ಠಾಣೆಯ ಕೆಲಸ ಮುಗಿದು ನೀನು ಕೋಣೆಗೆ ಬಂದಮೇಲೆ ಮೊದಲು ಏನು ಮಾಡುತ್ತೀಯ? ಕತ್ತಲಾಗುವ ಮುಂಚೆ ದೀಪ ಹಾಕುತ್ತೀಯಾ, ಆಮೇಲೆ ಹಾಕುತ್ತೀಯಾ? ಕೂತು ಉಣ್ಣುತ್ತೀಯಾ, ನಿಂತುಕೊಂಡೇ ಉಣ್ಣುತ್ತೀಯಾ? ಗಟ್ಟಿಯಾಗಿ ಮಾತಾಡಿಕೊಳ್ಳುತ್ತೀಯಾ? ಒಂದೂ ಬಿಡದೆ ಬರಿ, ಗಂಟೆ ಗಂಟೆಯದ್ದೂ ಬರಿ.

ಈ ಶುಕ್ರವಾರದೊಳಗೆ ನಿನ್ನ ಕಾಗದ ತಲುಪುವುದಿಲ್ಲ, ಗೊತ್ತು. ಆದರೂ ಬೇಗ ಬರಿಯಮ್ಮ. ಶುಕ್ರವಾರಗಳು ಇನ್ನೂ ತುಂಬಾ ಇವೆ.

ಸಾಸಿವೆ